ಬೋಲ್ಟಿನ ಮೇಲಿನ ಹಳದಿ

1981ರ ನವೆಂಬರ್ 12, ಬೆಳಗ್ಗೆ 9.40. ಪೀಣ್ಯ ಠಾಣೆಗೆ ಓಡಿಬಂದ ನಲ್ಲಪ್ಪನ ದೂರು ಎರಡೇ ಸಾಲಿನದು. ಕಾರ್ಖಾನೆ ಗೇಟಿನ ಮುಂದೆ ಹೂ ಮಾರುತ್ತಿದ್ದ ತಂಗಿ ಅಂಜನಮ್ಮನ ಮೇಲೆ ಕಾರು ಹರಿದಿದೆ, ಜೀವ ಹೋಗಿದೆ. ಇನ್ಸ್‌ಪೆಕ್ಟರ್ ಪಟ್ಟಾಭಿರಾಮ ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೆಬಲ್ ಚಿಕ್ಕಬೈರಪ್ಪನನ್ನು ಕರೆದುಕೊಂಡು ಹೊರಟರು.

ಕಾರು ಓಡಿಸಿದ್ದ ರಾಮಪ್ರಸಾದ ಅದೇ ಸರ್ಕಾರಿ ಕಾರ್ಖಾನೆಯ ಡ್ರಾಯಿಂಗ್ ವಿಭಾಗದವರು. ಓಡಿಹೋಗದೆ ಕಲ್ಲಿನ ಮೇಲೆ ಕುಳಿತಿದ್ದರು.

"ಬ್ರೇಕ್ ಒತ್ತಿದ್ರಾ?"

"ಒತ್ತಿದೆ ಸಾರ್. ಪೆಡಲ್ ನೆಲಕ್ಕೆ ಹೋಯ್ತು."

"ಮುಂಚೆ ಹೀಗಾಗಿತ್ತಾ?"

"ಆಗಿತ್ತು. ಎರಡು ವರ್ಷದ ಹಿಂದೆ ಕಾರ್ ಕಂಪನಿಯವ್ರೇ ಈ ಮಾಡೆಲ್ ಕಾರೆಲ್ಲ ವಾಪಸ್ ಕರೆಸಿ ಬ್ರೇಕ್ ಸಿಲಿಂಡರ್ ಬದಲಾಯಿಸಿದ್ರು. ಹೋದ ತಿಂಗಳು ಮತ್ತೆ ಮೆತ್ತಗಾಯ್ತು. ಶ್ಯಾಮಣ್ಣ ಎಣ್ಣೆ ಹಾಕಿ, ಏನೂ ಇಲ್ಲ ಅಂದ."

ಶ್ಯಾಮಣ್ಣ ಕಂಪನಿಯ ಸರ್ವಿಸ್ ಶೆಡ್ಡಿನ ಫೋರ್‌ಮನ್. ಯಶವಂತಪುರದ ಶಾಲೆಯಲ್ಲಿ ಅವನದೂ ರಾಮಪ್ರಸಾದರದೂ ಒಂದೇ ಬೆಂಚು.

ಪಂಚನಾಮೆ ಮುಗಿಸಿ ಕಾರನ್ನು ಠಾಣೆಗೆ ತಂದು ನೋಡಿದರೆ ಬ್ರೇಕು ಗಟ್ಟಿಯಾಗಿ ಹಿಡಿಯಿತು. ಪಟ್ಟಾಭಿರಾಮರಿಗೆ ಸಿಟ್ಟು ನೆತ್ತಿಗೇರಿತು. ಎಷ್ಟು ಸಲೀಸಾಗಿ ಸುಳ್ಳು ಹೇಳಿದ ಮನುಷ್ಯ. ಇನ್ನು ಇವನಿಗೆ ಜೈಲು ಖಾಯಂ, ನೌಕರಿಯೂ ಹೋದ ಹಾಗೆಯೇ.

ಹಿಂದೆ ಜೀಪು ಓಡಿಸುತ್ತಿದ್ದ ಚಿಕ್ಕಬೈರಪ್ಪ ತಲೆ ಕೆರೆದುಕೊಂಡ. "ತಣ್ಣಗೈತೆ ಸಾ. ವಸಿ ಬಿಸಿ ಮಾಡಿ ನೋಡಾನ."

ಖಾಲಿ ರಸ್ತೆಯಲ್ಲಿ ಎಂಟು ಮೈಲಿ ಓಡಿಸಿದರು. ಸಂಜೆ 4.20ಕ್ಕೆ ಪೆಡಲ್ ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದಾಗ ಪಟ್ಟಾಭಿರಾಮರ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಬೆಳಗಿನ ಸಿಟ್ಟಿಗೆ ಅವರಿಗೇ ನಾಚಿಕೆಯಾಯಿತು.

ಬಾನೆಟ್ ಎತ್ತಿದರು. ಕಂಪನಿ ಹೊಸ ಸಿಲಿಂಡರಿಗೆ ಹಳದಿ ಚುಕ್ಕೆ ಹಾಕಿಯೇ ಕಳಿಸುತ್ತಿತ್ತು. ಚುಕ್ಕೆಯೇನೋ ಇತ್ತು. ಆದರೆ ಬಣ್ಣ ಸಿಲಿಂಡರಿನಿಂದ ಇಳಿದು, ಬೋಲ್ಟಿನ ತುಕ್ಕಿನ ಮೇಲೂ ಹರಿದು ಒಣಗಿತ್ತು.

"ಈ ಬೋಲ್ಟು ಬಿಚ್ಚೇ ಇಲ್ಲ ಸಾ. ಇದ್ದಲ್ಲೇ ಬಣ್ಣ ಬಳ್ದವ್ರೆ."

ಮರುದಿನ ಬೆಳಗ್ಗೆ 11ಕ್ಕೆ ಸರ್ವಿಸ್ ಶೆಡ್. ಪಟ್ಟಾಭಿರಾಮ ಆ ಕಾರಿನ ಸರ್ವಿಸ್ ಕಾರ್ಡನ್ನು ಶ್ಯಾಮಣ್ಣನ ಮುಂದೆ ಹಿಡಿದರು.

"ಬದಲಾಯಿಸಿದೆ ಅಂತ ಕಾರ್ಡಲ್ಲಿ ಸಹಿ ಯಾರ್ದು?"

"ನಂದೇ ಸಾರ್."

"ಬದಲಾಯಿಸಿದ್ರಾ?"

ಶ್ಯಾಮಣ್ಣ ಕೈ ಒರೆಸಿಕೊಂಡ. "ಕಾರು ತೊಂಬತ್ತು, ಸಿಲಿಂಡರ್ ಬಂದಿದ್ದು ಅರವತ್ತು. ಮಾರ್ಚಿಗೆ ಎಲ್ಲಾ ಕಾರ್ಡ್ ಮುಗಿಸಿ ಅಂತ ಕಂಪನಿ ಹೇಳ್ತು. ಮುಂದಿನ ಲಾಟಲ್ಲಿ ಹಾಕೋಣ ಅಂದ್ಕೊಂಡು ಸಹಿ ಮಾಡ್ಬಿಟ್ಟೆ. ಆಮೇಲೆ, ಹಳೇ ಕಾರಿಗೆ ಇನ್ನು ಕಳಿಸಲ್ಲ ಅಂತ ಕಾಗದ ಬಂತು."

"ಯಾರಿಗೆ ಹಾಕೋದು, ಯಾರಿಗೆ ಬಿಡೋದು ಅಂತ ಹೇಗೆ ಆರಿಸಿದ್ರಿ?"

"ಗಲಾಟೆ ಮಾಡೋರಿಗೆ ಹಾಕ್ದೆ." ದನಿ ಇಳಿಯಿತು. "ರಾಮ ಬಾನೆಟ್ ಎತ್ತಿ ಕೂಡ ನೋಡಲ್ಲ ಸಾರ್. ನನ್ನ ನಂಬ್ತಾನೆ."

ದಸ್ತಗಿರಿ 12.15ಕ್ಕೆ. ಯಾವ ಕಾರಿಗೆ ಸಿಲಿಂಡರ್ ಕೊಟ್ಟಿದೆ ಎಂಬ ಲೆಕ್ಕದ ರಿಜಿಸ್ಟರು ಜಪ್ತಿಯಾಯಿತು. ಉಳಿದ ಇಪ್ಪತ್ತೊಂಬತ್ತು ಕಾರಿನವರಿಗೆ ಕಾರು ಓಡಿಸಬೇಡಿ ಎಂದೂ, ಕಂಪನಿಗೆ ವಿವರಣೆ ಕೇಳಿಯೂ ಪಟ್ಟಾಭಿರಾಮ ಅಂದೇ ತಂತಿ ಕಳಿಸಿದರು. ಕಂಪನಿಯಿಂದ ಬಂದ ಉತ್ತರ ಮಾತ್ರ ಒಂದೇ ಸಾಲು: ದಾಖಲೆಯ ಪ್ರಕಾರ ಎಲ್ಲ ಕಾರುಗಳ ಕೆಲಸವೂ ಪೂರ್ಣಗೊಂಡಿದೆ. ಅದನ್ನು ಫೈಲಿಗೆ ಸೇರಿಸುವಾಗ ಅವರಿಗೆ ಮೈಯೆಲ್ಲ ಉರಿಯಿತು.

ಸಂಜೆ ಠಾಣೆಯಲ್ಲಿ ರಾಮಪ್ರಸಾದ, "ಅವನು ಹಂಗೆಲ್ಲ ಮಾಡಲ್ಲ" ಎಂದರು. ಇನ್ಸ್‌ಪೆಕ್ಟರು ಶ್ಯಾಮಣ್ಣನ ಹೇಳಿಕೆಯನ್ನು ಮುಂದಿಟ್ಟರು. ರಾಮಪ್ರಸಾದ ಎರಡು ಸಲ ಓದಿ ಕನ್ನಡಕ ತೆಗೆದರು.

"ಎರಡು ವರ್ಷದಿಂದ ನನ್ನ ಕಾರಲ್ಲಿ ಬಾರೋ ಅಂದ್ರೆ, ಬಸ್ಸಲ್ಲೇ ಬರ್ತೀನಿ ಅಂತಿದ್ದ ಸಾರ್. ತನ್ನ ಹೆಂಡ್ತಿ ಮಕ್ಕಳನ್ನೂ ಹತ್ತಿಸ್ತಿರಲಿಲ್ಲ. ಸಂಕೋಚದ ಮನುಷ್ಯ ಅಂದ್ಕೊಂಡಿದ್ದೆ."