ಹದಿನೆಂಟು ಮೊಲಗಳ ದಾಖಲೆ

೧೯೫೭ರ ನವೆಂಬರ್ ೪, ಸೋಮವಾರ, ಬೆಳಿಗ್ಗೆ ೯.೧೦. ಜರ್ಮನಿಯ ಬಂದರು ಊರು ಎಕರ್ನ್‌ಫೋರ್ಡೆಯ ಠಾಣೆಗೆ ವೀಬ್ಕೆ ಡೆಟ್ಲೆಫ್ಸನ್ ಎಂಬ ಎಪ್ಪತ್ತೆಂಟರ ಅಜ್ಜಿ ಬಂದು, ಟೈಪ್ ಮಾಡಿದ ಒಂದು ಹಾಳೆಯನ್ನು ಇನ್‌ಸ್ಪೆಕ್ಟರ್ ಮೊಮ್ಮೆ ಕಾರ್ಸ್ಟನ್ ಅವರ ಮೇಜಿನ ಮೇಲೆ ಕುಕ್ಕಿದಳು.

"ಇದು ಸುಳ್ಳು ಕಾಗದ. ದೂರು ಬರ್ಕೋ."

ಅಜ್ಜಿಯ ಮಗ ಬೋಯೆ ಯುದ್ಧದಲ್ಲಿ ಜಲಾಂತರ್ಗಾಮಿಯ ಕಮಾಂಡರ್ ಆಗಿದ್ದವನು. ೧೯೪೪ರಲ್ಲಿ ಹೋದ ಅವನ ದೋಣಿ ಹಿಂದಿರುಗಲಿಲ್ಲ. ಚರ್ಚಿನಲ್ಲಿ ಯುದ್ಧದಲ್ಲಿ ಸತ್ತವರ ಹೆಸರಿನ ಮರದ ಹಲಗೆಯಿದೆ. ಬರುವ ೨೪ರಂದು, ಸತ್ತವರನ್ನು ನೆನೆಯುವ ಭಾನುವಾರ, ಅದರಲ್ಲಿ ಬೋಯೆಯ ಹೆಸರು ಕೆತ್ತಬೇಕಿತ್ತು. ಅಷ್ಟರಲ್ಲಿ ಬಂದರಿನಲ್ಲಿ ಗುಸುಗುಸು ಶುರುವಾಯಿತು. ಮುಳುಗಿದ ಹಡಗಿನಿಂದ ಪಾರಾಗಿ ರಕ್ಷಣಾ ದೋಣಿಯಲ್ಲಿದ್ದವರ ಮೇಲೆ ಬೋಯೆ ಗುಂಡು ಹಾರಿಸಿದನಂತೆ! ಊರ ಬಾಯಿಗೆ ಬೀಗ ಹಾಕುವವರು ಯಾರು? ಪಾದ್ರಿಗಳು ಪುರಾವೆ ತನ್ನಿ ಎಂದುಬಿಟ್ಟರು. ಹಿಂದಿನ ವಾರ ಅಜ್ಜಿಯ ಅಂಚೆ ಡಬ್ಬಿಯಲ್ಲಿ ಈ ಹಾಳೆ ಸಿಕ್ಕಿತ್ತು. ಬೋಯೆಯ ಯುದ್ಧ ದಿನಚರಿಯ ಪುಟವಂತೆ. ಕೆಳಗೆ ಅವನ ಸಹಿ.

ಕಾರ್ಸ್ಟನ್ ಓದಿದರು. '೧೨ ಮಾರ್ಚ್ ೧೯೪೩. ಸರಕು ಹಡಗನ್ನು ಮುಳುಗಿಸಲಾಯಿತು. ರಕ್ಷಣಾ ದೋಣಿಯವರಿಗೆ ಹದಿನೆಂಟು ಮೊಲ, ಎರಡು ಪೀಪಾಯಿ ನೀರು ಕೊಟ್ಟು ದಡದ ದಿಕ್ಕು ತೋರಿಸಲಾಯಿತು.'

"ಅಜ್ಜಿ, ಇದು ನಿಮ್ಮ ಮಗನ ಪರವಾಗೇ ಇದೆಯಲ್ಲ?"

"ಪರವಾಗಿದ್ರೆ ಸುಳ್ಳು ನಿಜ ಆಗತ್ತೇನೋ? ನನ್ನ ಬೋಯೆ ತಂಗಿಗೆ ಅರ್ಧ ಬನ್ ಕೊಟ್ಟವನಲ್ಲ. ಮಂಚದ ಕೆಳಗೆ ಕೂತು ಒಬ್ಬನೇ ತಿಂತಿದ್ದ. ಅವನು ಶತ್ರುಗಳಿಗೆ ದಾನ ಮಾಡ್ತಾನಾ?"

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಅಜ್ಜಿ ಹೆಗ್ಗಣವನ್ನು ಹೆಗ್ಗಣವೆಂದೇ ಕರೆಯುವವಳು.

"ಹಾಗಾದ್ರೆ ಗುಂಡು ಹಾರಿಸಿದ್ದು ನಿಜ ಅಂತೀರಾ?"

"ಗೊತ್ತಿಲ್ಲ ಕಣೋ. ಹದಿಮೂರು ವರ್ಷ ಗೊತ್ತಿಲ್ದೇ ಬದುಕಿದೀನಿ. ಒಳ್ಳೇದೋ ಕೆಟ್ಟದ್ದೋ, ನಿಜ ಗೊತ್ತು ಮಾಡ್ಕೊಂಡೇ ಕಣ್ಣು ಮುಚ್ತೀನಿ."

೯.೪೦ಕ್ಕೆ ನಕಲಿ ದಾಖಲೆ ಸೃಷ್ಟಿಯ ಎಫ್‌ಐಆರ್ ದಾಖಲಾಯಿತು. ಹಾಳೆಯ ಪ್ರತಿ ಬರೆಯುತ್ತಿದ್ದ ಕಾನ್‌ಸ್ಟೆಬಲ್ ಹಿನ್ನೆರ್ಕ್ ಕಿಸಕ್ಕನೆ ನಕ್ಕ.

"ಸಾರ್, ನೀರಿನ ಒಳಗೆ ಹೋಗೋ ದೋಣೀಲಿ ಮೊಲ ಯಾಕೆ ಸಾಕಿದ್ರು?"

"ಅದನ್ನೇ ಕೇಳ್ಕೊಂಡು ಬರೋಣ ನಡಿ."

ಯುದ್ಧ ಮುಗಿದ ಮೇಲೆ ಬ್ರಿಟಿಷರು ಒಯ್ದಿದ್ದರಿಂದ ಯುದ್ಧ ದಿನಚರಿಗಳೆಲ್ಲ ಲಂಡನ್ನಿನಲ್ಲಿದ್ದವು. ಅಲ್ಲಿಗೆ ಪತ್ರ ರವಾನಿಸಿ, ಮಧ್ಯಾಹ್ನ ಇಬ್ಬರೂ ಬಂದರಿನ ಮೀನಿಗೆ ಹೊಗೆ ಹಾಕುವ ಮನೆಗೆ ಹೋದರು. ಅಲ್ಲಿ ಕೆಲಸ ಮಾಡುವ ಟಿಯಾರ್ಕ್ ಹಿಂದೆ ಬೇರೊಂದು ಜಲಾಂತರ್ಗಾಮಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಮೊಲ ಎಂದದ್ದೇ ತಡ, ಹೊಟ್ಟೆ ಹಿಡಿದುಕೊಂಡು ನಕ್ಕ.

"ಬ್ರೆಡ್ಡು ಸ್ವಾಮಿ, ಬ್ರೆಡ್ಡು! ಮೂರು ವಾರಕ್ಕೆ ಬೂಷ್ಟು ಹಿಡಿದು ಮೈತುಂಬ ಬಿಳೀ ತುಪ್ಪುಳ. ಅದಕ್ಕೇ ಮೊಲ ಅಂತಿದ್ವಿ."

"ಕಮಾಂಡರ್ ದಿನಚರೀಲಿ ಹಾಗೆ ಬರೀತಾರಾ?"

"ಉಂಟೇ! ಮೇಲಿನವರು ಚರ್ಮ ಸುಲೀತಿದ್ರು. ಬ್ರೆಡ್ಡನ್ನ ಒಂದೊಂದಾಗಿ ಎಣಿಸೋನು ಒಬ್ಬನೇ, ಅಡುಗೆಯವನು."

"ಬೋಯೆ ದೋಣಿಯ ಅಡುಗೆಯವನು?"

"ಊವೆ ಪಾಶ್. ಕೊನೇ ಸಲ ಹೊರಡೋ ಹೊತ್ತಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ ಆಸ್ಪತ್ರೇಲಿದ್ದ. ಆ ದೋಣಿಯವರಲ್ಲಿ ಉಳಿದಿರೋನು ಅವನೊಬ್ಬನೇ. ಚರ್ಚಿನ ಹಿಂದೆ ಬೇಕರಿ ಇಟ್ಟಿದಾನಲ್ಲ, ಅವನೇ."

ಅಸಲಿ ದಿನಚರಿ ನೋಡದೆ ಹಾಳೆಯನ್ನು ನಕಲಿ ಎನ್ನುವಂತಿಲ್ಲ. ಕಾರ್ಸ್ಟನ್ ಕಾದರು. ನವೆಂಬರ್ ೨೦ರಂದು ಲಂಡನ್ನಿನಿಂದ ಉತ್ತರ ಬಂತು. ದಿನಚರಿಯಲ್ಲಿ ಆ ದಿನದ್ದು ಇಷ್ಟೇ: ಹಡಗು ಮುಳುಗಿಸಲಾಯಿತು, ದಕ್ಷಿಣಕ್ಕೆ ಮುಂದುವರಿಯಲಾಯಿತು. ಹಾಳೆ ನಕಲಿ. ಲಕೋಟೆಯಲ್ಲಿ ಇನ್ನೊಂದು ಕಾಗದವೂ ಇತ್ತು. ಕಾರ್ಸ್ಟನ್ ಅದನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡರು.

ನವೆಂಬರ್ ೨೧, ಬೆಳಿಗ್ಗೆ ೧೦.೩೦. ಬೇಕರಿ ಬಾಗಿಲಲ್ಲಿ 'ಭಾನುವಾರ ರಜೆ' ಎಂಬ ಟೈಪ್ ಮಾಡಿದ ಚೀಟಿಯಿತ್ತು. ಹಾಳೆಯಲ್ಲಿದ್ದಂತೆಯೇ ಅದರಲ್ಲೂ 'ಎ' ಅಕ್ಷರದ ಹೊಟ್ಟೆ ಮುಚ್ಚಿಹೋಗಿತ್ತು. ಹಿನ್ನೆರ್ಕ್ ಅದನ್ನು ಕಿತ್ತುಕೊಂಡ. ಒಳಗೆ ಊವೆ ಪಾಶ್ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದ.

"ಮಾರ್ಚ್ ಹನ್ನೆರಡಕ್ಕೆ ಹದಿನಾರು ಮೊಲ ಕೊಟ್ಟಿರಂತೆ?" ಕಾರ್ಸ್ಟನ್ ಕೇಳಿದರು.

"ಹದಿನಾರಲ್ಲ, ಹದಿನೆಂಟು!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪಾಶ್ ಬಾಯಿ ಮುಚ್ಚಿಕೊಳ್ಳುವ ಹೊತ್ತಿಗೆ ಹಿನ್ನೆರ್ಕ್ ಬರೆದುಕೊಂಡಾಗಿತ್ತು.

"ಹಾಳೆ ಟೈಪ್ ಮಾಡಿದ್ದು ಯಾರು?"

"ನಾನೇ."

"ಸಹಿ?"

"ಹಳೇ ಊಟದ ಚೀಟಿ ಮೇಲೆ ಅವರ ಸಹಿ ಇತ್ತು. ನೋಡ್ಕೊಂಡು ಗೀಚಿದೆ."

"ಬಾಯಲ್ಲಿ ಹೇಳಬಹುದಿತ್ತಲ್ಲ?"

"ಹೇಳ್ದೆ ಸಾಹೇಬ್ರೆ! ಪಾದ್ರಿಗಳು ಕಾಗದ ಇದೆಯಾ ಅಂದ್ರು. ಎಲ್ಲಿಂದ ತರ್ಲಿ? ಶತ್ರುಗಳಿಗೆ ನೆರವು ಕೊಡಬಾರದು ಅಂತ ಆಗ ಆಜ್ಞೆ. ಕಮಾಂಡರ್ರು 'ಪಾಶ್, ಇದನ್ನ ನಾನು ಬರೆಯಲ್ಲ, ನೀನೂ ಬಾಯಿ ಬಿಡ್ಬೇಡ' ಅಂದಿದ್ರು. ಹದಿನೆಂಟಕ್ಕೂ ಬೂಷ್ಟು ಕೆರೆದು ಕೊಟ್ಟಿದ್ದು ಈ ಕೈ. ನಾನೂ ಸತ್ರೆ ಹೇಳೋರು ಯಾರು?"

ಟೈಪ್‌ರೈಟರ್ ವಶಕ್ಕೆ ಪಡೆಯಲಾಯಿತು. ಪಕ್ಕದಂಗಡಿಯವರಿಬ್ಬರ ಎದುರು ಪಂಚನಾಮೆ ಬರೆದರು. 'ಎ' ಅಚ್ಚಿನೊಳಗೆ ಒಣಗಿದ ಹಿಟ್ಟು ಕೂತಿತ್ತೆಂದು ಅದರಲ್ಲಿ ನಮೂದಾಗಿದೆ. ೧೧.೧೫ಕ್ಕೆ ಬಂಧನ.

"ಒಲೇಲಿ ಬ್ರೆಡ್ ಇದೆ. ಐದು ನಿಮಿಷ."

"ತೆಗೆದುಕೊಂಡೇ ಬಾ ಮಾರಾಯ. ಸೀದು ಹೋದ್ರೆ ಆ ಪಾಪವೂ ನನ್ನ ತಲೆಗೆ."

ಪಾಶ್ ಬಿಸಿ ಬ್ರೆಡ್ಡೊಂದನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡೇ ಠಾಣೆಗೆ ಬಂದ. ಅದು ದಿನಾ ವೀಬ್ಕೆ ಅಜ್ಜಿಗೆ ಹೋಗುವ ಬ್ರೆಡ್ಡಂತೆ.

ಮಧ್ಯಾಹ್ನ ೩ಕ್ಕೆ ಅಜ್ಜಿ ಬಂದಳು.

"ಕಾಗದ ಸುಳ್ಳು ಅಜ್ಜಿ. ಸಂಗತಿ ನಿಜ," ಎಂದು ಕಾರ್ಸ್ಟನ್ ಜೇಬಿನ ಕಾಗದ ಬಿಚ್ಚಿದರು. ಮುಳುಗಿದ ಹಡಗಿನ ಅಧಿಕಾರಿಯೊಬ್ಬ ದಡ ಸೇರಿದ ಮೇಲೆ ಕೊಟ್ಟ ಹೇಳಿಕೆ ಅದು. ಅವರು ನಿಧಾನವಾಗಿ ಓದಿದರು. "'ನಮ್ಮ ಹಡಗನ್ನು ಮುಳುಗಿಸಿದ್ದು ಆ ಕಮಾಂಡರನೇ. ನಮ್ಮವರು ಹನ್ನೊಂದು ಜನ ಸತ್ತರು. ಆಮೇಲೆ ಹತ್ತಿರ ಬಂದು ಹದಿನೆಂಟು ಬ್ರೆಡ್ಡು, ನೀರು ಕೊಟ್ಟು ದಿಕ್ಕು ತೋರಿಸಿದವನೂ ಅವನೇ. ಗುಂಡು ಹಾರಿಸಲಿಲ್ಲ. ಎರಡನ್ನೂ ಬರೆದುಕೊಳ್ಳಿ.'"

ಅಜ್ಜಿ ಆ ಕಾಗದದ ಮೇಲೆ ಬೆರಳಿಟ್ಟಳು. "ಹನ್ನೊಂದು ಜನಕ್ಕೂ ಅಮ್ಮಂದಿರಿದ್ರು," ಎಂದಳು. ಆಮೇಲೆ ಕೇಳಿದಳು: "ಹದಿನೆಂಟೂ ಕೊಟ್ಟನಾ?"

"ಹದಿನೆಂಟೂ."

"ಅಯ್ಯೋ ನನ್ನ ಜಿಪುಣ ಕಂದಾ, ಕೊನೆಗೂ ಕೊಡೋದು ಕಲಿತನಲ್ಲೋ!" ಅಜ್ಜಿ ನಗುತ್ತ ಅತ್ತಳು, ಅಳುತ್ತ ನಕ್ಕಳು. ಹಿನ್ನೆರ್ಕ್ ಸುಮ್ಮನೆ ಕಿಟಕಿ ಕಡೆ ತಿರುಗಿಕೊಂಡ. ಅವಳು ಮೇಜಿನ ಮೇಲಿದ್ದ ಬ್ರೆಡ್ಡನ್ನು ಎರಡಾಗಿ ಮುರಿದು ಒಂದು ಪಾಲನ್ನು ಅವನ ಕೈಗಿಟ್ಟಳು. "ತಗೋ, ಒಳಗಿರೋ ಕಳ್ಳನಿಗೆ ಕೊಡು. ನಾಳೆ ಬೆಳಿಗ್ಗೆ ಅವನನ್ನ ಬಿಡ್ತೀರಿ ತಾನೇ? ನನ್ನ ಬ್ರೆಡ್ಡು ತರೋರು ಯಾರು?"

ಪಾಶ್ ಮರುದಿನ ಜಾಮೀನಿನ ಮೇಲೆ ಹೊರಬಂದ. ಆ ಹೇಳಿಕೆಯನ್ನು ಓದಿದ ಪಾದ್ರಿಗಳು ಒಪ್ಪಿಕೊಂಡರು. ೨೪ರಂದು ಹಲಗೆಯಲ್ಲಿ ಬೋಯೆ ಡೆಟ್ಲೆಫ್ಸನ್ ಹೆಸರು ಕೆತ್ತಲಾಯಿತು. ಕಡತದ ಕೊನೆಯ ಪುಟದಲ್ಲಿ, ಅಪರಾಧದ ಉದ್ದೇಶ ಎಂಬಲ್ಲಿ, ಕಾರ್ಸ್ಟನ್ ಹೀಗೆ ಬರೆದಿದ್ದಾರೆ: 'ಆರೋಪಿಗೆ ಲಾಭವೇನೂ ಇಲ್ಲ. ತನ್ನ ಬ್ರೆಡ್ಡು ಹಸಿದವರಿಗೆ ಸೇರಿದ್ದನ್ನು ಕಣ್ಣಾರೆ ಕಂಡವನು. ಅದನ್ನು ನಮ್ಮ ಕಡೆ ಯಾರೂ ಬರೆದಿರಲಿಲ್ಲ.'