ಡಿಕ್ಕಿಯೊಳಗಿನ ಪತ್ತೇದಾರ

ಉಸಿರು ಬಿಡಲೂ ಹೆದರಿಕೆ.

ಹ್ಯಾಚ್‌ನ ಚಾರ್ಜರ್ ಕಾರಿನ ಡಿಕ್ಕಿಯಲ್ಲಿ ನಾನು ಮಡಚಿಕೊಂಡು ಬಿದ್ದಿದ್ದೆ. ಮೊಣಕಾಲು ಗಲ್ಲಕ್ಕೆ ತಾಗಿತ್ತು, ಬೆನ್ನಿಗೆ ಜಾಕ್ ಚುಚ್ಚುತ್ತಿತ್ತು. ಹೊರಗೆ, ಒಂದು ಗೇಣಿನಾಚೆ, ಹ್ಯಾಚ್ ನಿಂತು ಹಾಟ್‌ಡಾಗ್ ತಿನ್ನುತ್ತಿದ್ದ. ಅವನು ಅಗಿಯುವ ಸದ್ದೂ ಕೇಳಿಸುತ್ತಿತ್ತು.

ಹೋದ ತಿಂಗಳು ಯಾವನೋ ಇವನ ಕಾರಿನ ಬಾನೆಟ್ ಎತ್ತಿ ಇಣುಕಿದ್ದನಂತೆ. ಪಾಪ, ಈಗ ಎಡಗೈಯಲ್ಲಿ ಸಹಿ ಹಾಕುತ್ತಾನೆ.

ನಾನು ಮಿಲ್ಟ್ ಗ್ರುಬರ್. ಡೆಟ್ರಾಯಿಟ್‌ನಲ್ಲಿ ಖಾಸಗಿ ಪತ್ತೇದಾರ. ಬೋರ್ಡಿನ ಮೇಲೆ 'ಗೋಪ್ಯ, ಚುರುಕು' ಎಂದು ಬರೆಸಲು ಹೋದಾಗ ಪೇಂಟರ್ ನನ್ನ ಹೊಟ್ಟೆ ನೋಡಿ, "ಚುರುಕು ಅಂತ ಬೇಕೇ ಬೇಕಾ ಸಾರ್?" ಎಂದು ಕೇಳಿದ್ದ. ನಗಬೇಡಿ. ಆ ಹೊಟ್ಟೆಯಿಂದಲೇ ಈ ಕತೆ ಆಗಿದ್ದು.

ನನ್ನನ್ನು ಕಳಿಸಿದವಳು ವರ್ನಾ ಮಜುರೆಕ್. ಎಂಜಿನ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವಳಿಗೆ ಸ್ವಂತ ಮನೆಯಿಲ್ಲ, ಗಂಡನಿಲ್ಲ. ಒಂದು ಕ್ಯಾಮರೋ ಕಾರು ಇದೆ, ಅವಳೇ ಬಿಚ್ಚಿ ಜೋಡಿಸಿ ಪಳಗಿಸಿದ್ದು. ಈ ಭಾನುವಾರದ ಓಟಕ್ಕೆ ಅದನ್ನೇ ಪಣಕ್ಕಿಟ್ಟಿದ್ದಳು. ಗೆದ್ದರೆ ಹ್ಯಾಚ್‌ನ ಚಾರ್ಜರ್ ಅವಳದು. ಸೋತರೆ ಕ್ಯಾಮರೋ ಅವನದು. ಎರಡೂ ಕಾರಿನ ಕಾಗದ ಓಟದ ಮೈದಾನದ ಯಜಮಾನ ಟೀಗ್‌ನ ಜೇಬಿನಲ್ಲಿತ್ತು.

"ಕ್ಯಾಮರೋ ಹಗುರ, ಗ್ರುಬರ್," ಎಂದಿದ್ದಳು ಹಿಂದಿನ ದಿನ. "ಬಿಟ್ಟ ತಕ್ಷಣ ಹಾರುತ್ತೆ. ಚಾರ್ಜರ್ ಆನೆ. ಎಂಜಿನ್ ದೊಡ್ಡದು, ಓಟದ ಕೊನೇಲಿ ಅದನ್ನ ಹಿಡಿಯೋರಿಲ್ಲ. ಆದ್ರೆ ಹೊರಡುವಾಗ ಹಿಂದಿನ ಚಕ್ರಕ್ಕೆ ನೆಲ ಸಿಗಲ್ಲ. ಹೊಗೆ ಎಬ್ಬಿಸ್ಕೊಂಡು ಅಲ್ಲೇ ತಿರುಗ್ಬೇಕು."

"ತಿರುಗ್ತಿಲ್ವಾ?"

"ಇಲ್ಲ. ನೆಲ ಕಚ್ಕೊಂಡು ಹೋಗ್ತಿದೆ. ಡಿಕ್ಕೀಲಿ ಮರಳ್ಮೂಟೆ ಇಟ್ಟಿದಾನೆ ಅಂತ ನನ್ನ ಅನುಮಾನ. ಹಿಂದೆ ಭಾರ ಬಿದ್ರೆ ಟೈರು ಜಾರಲ್ಲ."

"ಇಟ್ರೆ ತಪ್ಪಾ?"

"ನೀನು ಈ ಊರಲ್ಲೇ ಹುಟ್ಟಿದ್ದಾ? ಒಂದು ಇಟ್ಟಿಗೆ ಇಟ್ರೂ ಔಟ್. ಹೋಗಿ ನೋಡು. ಬರೀ ನೋಡು, ಬೇರೆ ಏನೂ ಮಾಡ್ಬೇಡ."

ನೋಡಿದೆ. ಹ್ಯಾಚ್ ತಿಂಡಿ ತರಲು ಹೋದಾಗ ತಂತಿ ತೂರಿಸಿ ಡಿಕ್ಕಿ ತೆಗೆದೆ. ಸ್ಟೆಪ್ನಿ ಇತ್ತು, ಜಾಕ್ ಇತ್ತು. ಮರಳು ಒಂದು ಚಿಟಿಕೆಯೂ ಇರಲಿಲ್ಲ. ಅಷ್ಟರಲ್ಲಿ ಹ್ಯಾಚ್ ವಾಪಸ್ ಬರುವುದು ಕಾಣಿಸಿತು. ತಲೆ ಇದ್ದವನು ಸುಮ್ಮನೆ ನಡೆದು ಹೋಗುತ್ತಿದ್ದ. ನಾನು ಡಿಕ್ಕಿಯೊಳಗೆ ಹಾರಿದೆ. ಹಾರಿದೆ ಎನ್ನುವುದು ದೊಡ್ಡ ಮಾತಾಯಿತು... ಉರುಳಿದೆ. ಮುಚ್ಚಳ ತಾನಾಗಿಯೇ ಬಿದ್ದು ಲಾಕ್ ಆಯಿತು.

ಹೊರಗೆ ಟೀಗ್‌ನ ದನಿ ಕೇಳಿಸಿತು. "ಹ್ಯಾಚ್, ಗಾಡಿ ಹಿಂದುಗಡೆ ಸ್ವಲ್ಪ ಕೂತಂಗಿದ್ಯಲ್ಲೋ?"

"ಸ್ಪ್ರಿಂಗ್ ಹಳೇದು ಯಜಮಾನ್ರೇ. ನನ್ ಸೊಂಟದ ಹಾಗೆ."

"ಸರಿ, ಲೈನಿಗೆ ತಗೊಂಡ್ ಬಾ."

ಎಂಜಿನ್ ಗುಡುಗಿತು. ಪಕ್ಕದಲ್ಲಿ ಕ್ಯಾಮರೋದ ಕೀರಲು ಗರ್ಜನೆ. ನಾನು ಮುಚ್ಚಳಕ್ಕೆ ಗುದ್ದಿದೆ, ಕೂಗಿದೆ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಕಾರು ಚಿಮ್ಮಿತು. ನನ್ನ ತೂಕವೆಲ್ಲ ಹಿಂದಿನ ಚಕ್ರದ ಮೇಲೆ ಕುಕ್ಕರಿಸಿತು. ಟೈರು ಒಂದಿಷ್ಟೂ ಜಾರಲಿಲ್ಲ... ಗಬಕ್ಕನೆ ನೆಲ ಕಚ್ಚಿತು.

ಆಗ ಹೊಳೆಯಿತು. ಮರಳುಮೂಟೆ ನಾನೇ.

ನನ್ನ ಕಕ್ಷಿದಾರಳು ಸೋಲುತ್ತಿದ್ದಳು. ಎದುರಾಳಿಯನ್ನು ಗೆಲ್ಲಿಸುತ್ತಿದ್ದವನು ನಾನು. ಅದೂ ಮಲಗಿಕೊಂಡು.

ಗೆದ್ದ ಕಾರು ನೇರ ತೂಕದ ಕಟ್ಟೆಗೆ ಹೋಗಬೇಕು. ಹೋಯಿತು. ಮುಳ್ಳು ಎಲ್ಲಿಗೆ ಏರಿತೋ, ಟೀಗ್ ಶಿಳ್ಳೆ ಹಾಕಿದ. ಡಿಕ್ಕಿ ತೆರೆಯಿತು. ಬಿಸಿಲು, ಅದರ ನಡುವೆ ಮೂರು ಮುಖಗಳು.

"ನಮಸ್ಕಾರ," ಎಂದೆ. ಇನ್ನೇನು ಹೇಳಲಿ?

ಹ್ಯಾಚ್‌ನ ಮುಖ ಬಿಳುಚಿತು. "ಇದು ನಂದಲ್ಲ ಯಜಮಾನ್ರೇ. ಆಣೆಗೂ ನಂಗೊತ್ತಿಲ್ಲ."

"ಯಾರದ್ದೋ ಏನೋ. ಗೆದ್ದ ಗಾಡೀಲಿ ಭಾರ ಇದೆ. ನೀನು ಔಟ್," ಎಂದ ಟೀಗ್. ಜೇಬಿನಿಂದ ಎರಡೂ ಕಾಗದ ತೆಗೆದು ವರ್ನಾಳತ್ತ ಚಾಚಿದ.

ನಾನು ಅವಳಿಗೆ ಕಣ್ಣು ಹೊಡೆದೆ. ತಗೋ, ಬಾಯಿ ಮುಚ್ಚಿಕೋ. ನನ್ನಂಥವರ ಬುದ್ಧಿ ಅಷ್ಟೇ ದೂರ ಓಡುತ್ತದೆ.

ಅವಳು ಕಾಗದ ಮುಟ್ಟಲಿಲ್ಲ. "ಒಳಗೆ ಬೇರೆ ಏನಿತ್ತು, ಗ್ರುಬರ್?"

"ಏನೂ ಇರ್ಲಿಲ್ಲ ಮೇಡಂ. ಸ್ಟೆಪ್ನಿ, ಜಾಕ್."

"ಮರಳು?"

"ಇಲ್ಲ."

ಅವಳು ತನ್ನ ಕ್ಯಾಮರೋ ಕಡೆ ಒಮ್ಮೆ ನೋಡಿದಳು.

"ಈ ದಡ್ಡ ನನ್ನ ಮನುಷ್ಯ, ಟೀಗ್. ನಾನೇ ಕಳಿಸಿದ್ದು."

"ಹಾಗಂದ್ರೆ ನಿನ್ ಗಾಡಿ ಹೋಯ್ತು. ಗೊತ್ತು ತಾನೆ?"

"ಗೊತ್ತು."

ನನಗೆ ನಾಚಿಕೆಯಾಯಿತು. ಬಹಳ ವರ್ಷವಾಗಿತ್ತು ಹಾಗಾಗಿ.

ಮಾತಾಡಿದ್ದು ಹ್ಯಾಚ್. "ನಂಗೆ ಹೀಗೆ ಬೇಡ. ಈ ಹಂದಿನ ಇಳಿಸಿ. ಇನ್ನೊಂದ್ಸಲ ಓಡಿಸ್ತೀವಿ. ಪಣ ಅದೇ."

ಇಳಿಸಿದರು. ಇಬ್ಬರು ಬೇಕಾದರು.

ಎರಡನೇ ಓಟದಲ್ಲಿ ಹ್ಯಾಚ್ ಸಿಟ್ಟಿನಲ್ಲಿದ್ದ. ಸಿಟ್ಟು ಬಲಗಾಲಿಗೆ ಇಳಿಯಿತು. ಚಾರ್ಜರ್ ಇದ್ದಲ್ಲೇ ಟೈರು ಸುಟ್ಟುಕೊಂಡಿತು, ಹೊಗೆಯೋ ಹೊಗೆ. ಅಷ್ಟರಲ್ಲಿ ವರ್ನಾ ಹೊರಟೇಬಿಟ್ಟಿದ್ದಳು. ಆಮೇಲೆ ಆ ಆನೆ ಎದ್ದು ಬಂದ ರಭಸ ನೋಡಬೇಕಿತ್ತು... ಕೊನೆಯ ಗೆರೆ ದಾಟುವಾಗ ಕ್ಯಾಮರೋದ ಹಿಂದಿನ ಬಾಗಿಲ ಹತ್ತಿರಕ್ಕೆ—ಅಲ್ಲ, ಕ್ಯಾಮರೋಗೆ ಹಿಂದಿನ ಬಾಗಿಲೆಲ್ಲಿದೆ—ಹಿಂದಿನ ಚಕ್ರದ ಹತ್ತಿರಕ್ಕೆ ಬಂದಿತ್ತು. ಅಷ್ಟೇ.

ಹ್ಯಾಚ್ ಕೀ ತಂದು ವರ್ನಾಳ ಕೈಯಲ್ಲಿಟ್ಟ. ಅವಳಿಗೆ ಖುಷಿಪಡಲೂ ಆಗಲಿಲ್ಲ. ಅವನು ನನ್ನ ಹತ್ತಿರ ಬಂದ. ಓಡೋಣವೆಂದರೆ, ನನ್ನ ಓಟ ನಿಮಗೆ ಗೊತ್ತೇ ಇದೆ.

"ಮರಳು ಅಂದ್ಕೊಂಡ್ರಾ?" ಎಂದು ಮೆತ್ತಗೆ ಕೇಳಿದ. "ಚಳಿಗಾಲ ಪೂರ್ತಿ ಮಂಜಿನ ಮೇಲೆ ಓಡಿಸಿ ಕಲ್ತಿದ್ದು, ಟೈರು ಜಾರದ ಹಾಗೆ ಹೊರಡೋದು. ಆ ಹುಡುಗೀಗೆ ಹೇಳು. ಚಾರ್ಜರ್‌ನ ಆಕ್ಸಿಲರೇಟರ್ ಕಾಲಿನ ಹೆಬ್ಬೆರಳಲ್ಲಿ ಒತ್ಬೇಕು, ಪಾದದಲ್ಲಲ್ಲ. ಕ್ಲಚ್ ಅರ್ಧಕ್ಕೆ ಹಿಡಿದು, ಗಾಡಿ ಮೈ ಮುರ್ದ ಮೇಲೆ ಬಿಡ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು."

"ಹೇಳ್ತೀಯ?"

"ಹೇಳ್ತೀನಿ."

ನಾನು ಮಾತು ಮುಗಿಸುವವರೆಗೂ ಕಾದು, ಆಮೇಲೆ ಹೊಡೆದ. ಸಭ್ಯ ಮನುಷ್ಯ.