ಎರಡು ಸಲ ಹತ್ತಿದ ಏರು

“ಕೈ ತಗಿ ಅಪ್ಪಾ!”

ರುದ್ರಾಣಿ ಕಿರುಚಿದಳು. ಇಷ್ಟು ಹೊತ್ತು ಜಪ್ಪಯ್ಯ ಅಂದರೂ ಅಲುಗದ ಪೆಡಲ್ಲು ಇದ್ದಕ್ಕಿದ್ದಂತೆ ಹಗುರವಾಗಿ ತಿರುಗತೊಡಗಿತ್ತು. ಯಾಕೆಂದು ಅವಳಿಗೆ ತಕ್ಷಣ ತಿಳಿಯಿತು. ಬೆನ್ನ ಮೇಲೆ ಅಪ್ಪನ ಅಂಗೈ ಇತ್ತು.

“ತುಳಿ ತುಳಿ! ನಾ ಅದೀನಿ!” ಪಕ್ಕದಲ್ಲೇ ಬರುತ್ತಿದ್ದ ಅಪ್ಪ ಒಂದು ಕೈಯಲ್ಲಿ ತನ್ನ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯಲ್ಲಿ ಮಗಳನ್ನು ದಬ್ಬುತ್ತಿದ್ದ.

“ಇದು ಚೀಟಿಂಗ್! ಸ್ಟಾಪ್ ಇಟ್!”

ಅವಳು ಬೆನ್ನು ಕೊಡವಿದಳು. ಸೈಕಲ್ಲು ಓಲಾಡಿತು. ಕೆಳಗೆ ಬರೀ ಜಲ್ಲಿಕಲ್ಲು. ಬೀಳಬಾರದೆಂದು ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಳ್ಳುವಷ್ಟರಲ್ಲಿ ಏರೇ ಮುಗಿದುಹೋಯಿತು.

ಅವತ್ತು ಭಾನುವಾರ. ಅಪ್ಪ ಮಗಳು ಇಬ್ಬರೂ ಕಾರಿನ ಹಿಂದೆ ಸೈಕಲ್ಲು ಕಟ್ಟಿಕೊಂಡು ಮಾರ್ಸ್ಡನ್ ಪಾರ್ಕ್ ಬಡಾವಣೆಯ ಮನೆಯಿಂದ ಬೆಳಿಗ್ಗೆಯೇ ಹೊರಟಿದ್ದರು. ಒಂದು ಸೈಕಲ್ ಕ್ಲಬ್ಬಿನವರು ಹಳೇ ಊರುಗಳ ಲೂಪ್ ಸವಾರಿ ಇಟ್ಟಿದ್ದರು. ವಿಂಡ್ಸರ್‌ನಲ್ಲಿ ಶುರು. ಆಮೇಲೆ ವಿಲ್ಬರ್‌ಫೋರ್ಸ್, ಎಬೆನೀಜರ್, ಪಿಟ್ ಟೌನ್ ಸುತ್ತಿಕೊಂಡು ಮತ್ತೆ ವಿಂಡ್ಸರ್‌ಗೆ ಬರಬೇಕು. ಊರಿಗೊಂದು ಸೀಲು. ನಾಲ್ಕೂ ಸೀಲು ಬಿದ್ದರೆ ಮೆಡಲ್.

ಚಿಕ್ಕ ಮಕ್ಕಳಿಗೆ ಹಳದಿ ಕಾರ್ಡು. ಅವರನ್ನು ಯಾರು ಬೇಕಾದರೂ ದಬ್ಬಬಹುದು. ಹತ್ತು ತುಂಬಿದವರಿಗೆ ಹಸಿರು ಕಾರ್ಡು. ‘ನೀನೇ ತುಳಿ, ಆಗದಿದ್ದರೆ ಇಳಿದು ನೀನೇ ತಳ್ಳು’ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ರುದ್ರಾಣಿಗೆ ಹೋದ ತಿಂಗಳಷ್ಟೇ ಹತ್ತು ತುಂಬಿತ್ತು. ಅವಳು ಹಸಿರು ಕಾರ್ಡನ್ನೇ ಕೇಳಿ ತೆಗೆದುಕೊಂಡಿದ್ದಳು.

ಆ ಮೆಡಲ್ ಅವಳಿಗೆ ಬೇಕೇಬೇಕಿತ್ತು. ಹೋದ ಟರ್ಮಿನಲ್ಲಿ ಸ್ಕೂಲಿಗೆ ಐಸ್‌ಕ್ರೀಮ್ ಕಡ್ಡಿಯ ಹಾರ್ಬರ್ ಬ್ರಿಜ್ ಮಾದರಿ ಮಾಡಬೇಕಾಗಿತ್ತು. ಮೊದಲ ಎರಡು ಕಡ್ಡಿ ಸೊಟ್ಟಗೆ ಅಂಟಿದ್ದು ನೋಡಿ ಅಪ್ಪ, “ಬಿಡವಾ, ನಾ ಮಾಡ್ತೀನಿ” ಎಂದು ಕೂತ. ಮೂರು ದಿನ ಕೂತೇ ಇದ್ದ. ರುದ್ರಾಣಿಗೆ ಸಿಕ್ಕಿದ್ದು ಮೇಲೊಂದು ಬಾವುಟ ಚುಚ್ಚುವ ಕೆಲಸ. ಫಸ್ಟ್ ಪ್ರೈಜ್ ಬಂದಾಗ ಗೆಳತಿ ಕೃಪಾ ಎಲ್ಲರೆದುರು, “ಕಂಗ್ರಾಟ್ಸ್ ಟು ಯುವರ್ ಡ್ಯಾಡ್!” ಅಂದಳು. ಇಡೀ ಕ್ಲಾಸು ನಕ್ಕಿತು. ರುದ್ರಾಣಿಗೆ ಅಳು ಬಂದಿತ್ತು, ಆದರೆ ಅವಳೂ ನಕ್ಕಿದ್ದಳು.

ಈಗ ಏರಿನ ತುದಿಯಲ್ಲಿ ಎಬೆನೀಜರ್‌ನ ಕಲ್ಲಿನ ಚರ್ಚು. ಅದರ ಮುಂದೆ ಒಂದು ಟೇಬಲ್ಲು, ಟೇಬಲ್ಲಿನ ಹಿಂದೆ ಬಿಳಿ ಕೂದಲಿನ ಅಜ್ಜಿ. ಚರ್ಚಿಗೆ ಇನ್ನೂರು ವರ್ಷ ದಾಟಿದೆ ಎಂದು ಅಜ್ಜಿ ಹೆಮ್ಮೆಯಿಂದ ಹೇಳಿದರು.

“ಇಷ್ಟಕ್ಕ ಹಳೇದಂತ! ನಮ್ಮ ಕಡೆ ಬಾವಿಗೂ ಇದಕ್ಕಿಂತ ವಯಸ್ಸಾಗಿರ್ತೈತಿ” ಎಂದು ಅಪ್ಪ ಕನ್ನಡದಲ್ಲಿ ಪಿಸುಗುಟ್ಟಿದ. ರುದ್ರಾಣಿ ನಗಲಿಲ್ಲ.

“ಆಲ್ ಬೈ ಯುವರ್‌ಸೆಲ್ಫ್, ಲವ್?” ಅಜ್ಜಿ ಸೀಲು ಎತ್ತಿದರು.

“ಯೆಸ್, ಯೆಸ್” ಅಂದ ಅಪ್ಪ.

“ನೋ!” ರುದ್ರಾಣಿ ಕಾರ್ಡನ್ನು ಸರಕ್ಕನೆ ಎಳೆದುಕೊಂಡಳು. ಸೀಲು ಟೇಬಲ್ಲಿನ ಬಟ್ಟೆಯ ಮೇಲೆ ಬಿತ್ತು. ಬಿಳಿ ಬಟ್ಟೆಯಲ್ಲಿ ನೀಲಿ ಚರ್ಚೊಂದು ಮೂಡಿತು.

“ಇವರು ನನ್ನನ್ನ ಪುಷ್ ಮಾಡಿದ್ರು” ಎಂದು ಅವಳು ಅಜ್ಜಿಗೆ ಇಂಗ್ಲಿಷಿನಲ್ಲಿ ಹೇಳಿದಳು. “ನಾನು ಕೆಳಗೆ ಹೋಗಿ ಮತ್ತೆ ಹತ್ತಿ ಬರ್ತೀನಿ.”

ಅಜ್ಜಿ ಗಡಿಯಾರ ನೋಡಿಕೊಂಡರು. ಹನ್ನೊಂದಕ್ಕೆ ವ್ಯಾನು ಬಂದು ಟೇಬಲ್ಲು, ಸೀಲು, ತನ್ನನ್ನು ಎಲ್ಲ ಒಟ್ಟಿಗೇ ಹೊತ್ತುಕೊಂಡು ಹೋಗುತ್ತದೆ ಎಂದರು. ಇನ್ನು ಹತ್ತೇ ನಿಮಿಷ ಉಳಿದಿತ್ತು.

ಅಪ್ಪ ಅವಳನ್ನು ಪಕ್ಕಕ್ಕೆ ಕರೆದ. “ಯಾರು ನೋಡ್ಯಾರವಾ? ಒಂದೀಟ ಕೈ ಹಚ್ಚೀನಿ ಅಷ್ಟ. ಧಾರವಾಡದಾಗ ಕಾಲೇಜಿನ ಏರಿಗೆ ಶಂಭುಲಿಂಗನ್ನ ಮೂರು ವರ್ಷ ಹಿಂಗ ದಬ್ಬೇನಿ. ಗೆಳೆಯಾ ಅಂದ್ರ ಬೆನ್ನಿಗೆ ಕೈ ಹಚ್ಚಬೇಕು. ಅದಕ್ಕ ಯಾರೂ ಚೀಟಿಂಗ್ ಅಂತಿರಲಿಲ್ಲ.”

“ಅವ್ರು ಹಚ್ಚು ಅಂದಿದ್ರಾ?”

“ಅಂದಿದ್ದ ಮತ್ತ. ಕೂಗಿ ಕೂಗಿ ಕರೀತಿದ್ದ.”

“ನಾ ಕರೆದ್ನಾ?”

ಅಪ್ಪ ಅವಳ ಹ್ಯಾಂಡಲ್ಲಿಗೆ ಕೈ ಚಾಚಿದ.

“ನೀ ಇಲ್ಲೇ ಇರು. ಬರಬ್ಯಾಡ” ಎಂದು ರುದ್ರಾಣಿ ಸೈಕಲ್ಲು ತಿರುಗಿಸಿ ಇಳಿಜಾರಿಗೆ ಬಿಟ್ಟೇಬಿಟ್ಟಳು.

ಇಳಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಕೆಳಗೆ ನಿಂತು ತಲೆ ಎತ್ತಿ ನೋಡಿದರೆ ಏರು ಮೊದಲಿಗಿಂತ ಉದ್ದವಾಗಿತ್ತು. ಹಲ್ಲು ಕಚ್ಚಿ ತುಳಿದಳು. ಮೊದಲ ತಿರುವು ದಾಟಿತು. ಎದೆ ಡವಡವ ಹೊಡೆದುಕೊಂಡಿತು. ಅಪ್ಪ ಕೈ ಹಚ್ಚಿದ್ದ ಜಾಗಕ್ಕೆ ಬಂದಳು. ಅಲ್ಲಿ ಹಿಂದಿನ ಗಾಲಿ ಜಲ್ಲಿಯಲ್ಲಿ ಗಿರ್ರನೆ ತಿರುಗಿತು. ಸೈಕಲ್ಲು ಅಡ್ಡ ಬಿತ್ತು. ಅವಳೂ ಬಿದ್ದಳು.

ಮೊಣಕಾಲು ಚುರುಚುರು ಉರಿಯಿತು. ತಲೆ ಎತ್ತಿದಾಗ ಮೇಲಿನಿಂದ ಅಪ್ಪ ಓಡಿ ಬರುತ್ತಿದ್ದ.

“ಅಲ್ಲೇ ನಿಲ್ಲು!”

ಏರಿಗೆಲ್ಲ ಕೇಳುವಂತೆ ಕೂಗಿದಳು. ಅಪ್ಪ ಗಕ್ಕನೆ ನಿಂತ. ಕೈಗಳನ್ನು ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಸೊಂಟದ ಮೇಲಿಟ್ಟ, ತೆಗೆದ. ಕೊನೆಗೆ ಬೆನ್ನ ಹಿಂದೆ ಕಟ್ಟಿಕೊಂಡ.

ರುದ್ರಾಣಿ ಎದ್ದಳು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಹತ್ತಿ ತುಳಿಯಲು ನೋಡಿದಳು, ಗಾಲಿ ಮತ್ತೆ ಜಾರಿತು. ಸರಿ, ತಳ್ಳುವುದೇ. ಹ್ಯಾಂಡಲ್ಲಿಗೆ ಎದೆ ಕೊಟ್ಟು ಒಂದೊಂದೇ ಹೆಜ್ಜೆ ತಳ್ಳಿದಳು. ಮೇಲೆ ಎಲ್ಲೋ ವ್ಯಾನಿನ ಬಾಗಿಲು ಧಡ್ ಎಂದು ಮುಚ್ಚಿಕೊಂಡ ಸದ್ದು ಕೇಳಿಸಿತು. ಅವಳು ನಿಲ್ಲಲಿಲ್ಲ. ಅಪ್ಪನನ್ನು ದಾಟಿಕೊಂಡೇ ಹೋದಳು.

ತುದಿ ತಲುಪಿದಾಗ ಚರ್ಚಿನ ಮುಂದೆ ಟೇಬಲ್ಲಿರಲಿಲ್ಲ. ಅಜ್ಜಿಯೂ ಇರಲಿಲ್ಲ.

“ಅಜ್ಜಿ ತಡೀತೇನಿ ಅಂದ್ರು ಪಾಪ. ವ್ಯಾನಿನವ ಕೇಳಲಿಲ್ಲಂತ ಕಾಣ್ತೈತಿ” ಎನ್ನುತ್ತಾ ಹಿಂದಿನಿಂದ ಬಂದ ಅಪ್ಪ ಜೇಬಿಗೆ ಕೈ ಹಾಕಿದ. “ನಾ ಕ್ಲಬ್ಬಿಗೆ ಫೋನ್ ಹಚ್ಚಿ...”

ಅಷ್ಟಕ್ಕೇ ನಿಂತ. ಫೋನು ಅರ್ಧ ಹೊರಗೆ ಬಂದಿತ್ತು.

“ಬ್ಯಾಡ?”

“ಬ್ಯಾಡ.”

ಫೋನು ಜೇಬಿನೊಳಗೆ ಹೋಯಿತು. ರುದ್ರಾಣಿ ಅವನನ್ನೇ ನೋಡಿದಳು. ಎರಡು ಸಲ ಏರು ಹತ್ತಿದವಳು ಅವಳು. ಆದರೆ ಅಪ್ಪನ ಟೀ ಶರ್ಟು ನಿಂತಲ್ಲೇ ತೊಯ್ದು ತೊಪ್ಪೆಯಾಗಿತ್ತು. ಒಂದು ಕೈ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದು ಹಿಡಿದು ಬೆರಳೆಲ್ಲ ಕೆಂಪಾಗಿದ್ದವು. ಸುಮ್ಮನೆ ನಿಂತಿರುವುದು ಅವನಿಗೆ ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

“ಮೆಡಲ್ ಕೊಡಂಗಿಲ್ಲವಾ ಇನ್ನ” ಅಪ್ಪನ ದನಿ ಸಣ್ಣಗಿತ್ತು. “ನನ್ನಿಂದನ ಆತು.”

“ಹೌದು, ನಿನ್ನಿಂದಾನೇ.” ಅವಳು ಕಾರ್ಡು ಮಡಚಿ ಜೇಬಿಗೆ ಸೇರಿಸಿದಳು. “ಕೊಡದಿದ್ರೆ ಬಿಡ್ಲಿ. ನಾನಂತೂ ಹತ್ತೀನಿ. ಪಿಟ್ ಟೌನ್‌ಗೆ ಹೋಗಾಣ ನಡಿ.”

“ಕಾಲಿಗೆ ಪ್ಲಾಸ್ಟರ್...?”

“ನಾನೇ ಹಚ್ಕೋತೀನಿ.”

ಹಚ್ಚಿಕೊಂಡಳು, ಸ್ವಲ್ಪ ಸೊಟ್ಟಗೆ. ಅಪ್ಪ ಆ ಸೊಟ್ಟ ಪ್ಲಾಸ್ಟರನ್ನೇ ನೋಡಿದ, ಮುಟ್ಟಲಿಲ್ಲ.

“ನೀ ಮುಂದ ಹೋಗು ಅಪ್ಪಾ. ಹಿಂದ ಬರಬ್ಯಾಡ.”

ಅಪ್ಪ ತಲೆಯಾಡಿಸಿ ಸೈಕಲ್ಲು ಹತ್ತಿದ. ರುದ್ರಾಣಿ ಅವನ ಹಿಂದೆ ಹೊರಟಳು. ನದಿಯ ಕಡೆಗೆ ಇಳಿಯುವ ದಾರಿಯಲ್ಲಿ ಪ್ರತಿ ತಿರುವಿಗೂ ಅಪ್ಪ ಕತ್ತು ಹೊರಳಿಸಿ ಅವಳನ್ನು ನೋಡುತ್ತಿದ್ದ. ನೋಡಬೇಡ ಎಂದು ಮಾತ್ರ ಅವಳು ಹೇಳಲಿಲ್ಲ.